ಏಳುನೂರ ಇಪ್ಪತ್ತು ಡೈಪರ್ ಮತ್ತು ಎರಡು ಹಳೇ ಪಂಚೆ

ಆರು ಸಾವಿರದ ಇನ್ನೂರು ರೂಪಾಯಿ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ವ್ಯಾಪಾರದವರ ಬಳಿ ಬೆಲೆ ಕೇಳದೆ ಕಥೆ ಕೇಳಬಾರದು. ಹಾಸನದ ಸಗಟು ಅಂಗಡಿಯವನು ಹೇಳಿದ್ದು ಒಂಬತ್ತು ಸಾವಿರ. ನಾನು ಮೂರು ಸಲ ಅವನ ಮೆಟ್ಟಿಲಿಳಿದೆ. ಎರಡು ಸಲ ಅವನು ಕರೆದ, ಮೂರನೆಯ ಸಲ ಕರೆಯಲಿಲ್ಲ, ಚಪ್ಪಲಿ ಸರಿಮಾಡಿಕೊಳ್ಳುವವನಂತೆ ನಿಂತು ನಾನೇ ವಾಪಸ್ಸು ಹತ್ತಿದೆ. ಅಂತೂ ಮೂವತ್ತು ಪ್ಯಾಕೆಟ್ಟು, ಪ್ಯಾಕೆಟ್ಟಿಗೆ ಇಪ್ಪತ್ತನಾಲ್ಕರಂತೆ ಏಳುನೂರ ಇಪ್ಪತ್ತು ಡೈಪರ್ ಆಟೋ ಏರಿದವು. ಎಲ್ಲವೂ ಆಗ ತಾನೆ ಹುಟ್ಟಿದ ಮಕ್ಕಳ ಅಳತೆಯವು. ನನ್ನ ಮೊಮ್ಮಗಳು ಹುಟ್ಟಿ ಆವತ್ತಿಗೆ ಮೂರು ದಿನ. ಹೊಳೆನರಸೀಪುರದ ಪೇಟೆಯಲ್ಲಿ ಒಂದೊಂದೇ ಪ್ಯಾಕೆಟ್ಟನ್ನು ಮೇಲೆ ಅಚ್ಚಾದ ಬೆಲೆಯನ್ನೇ ಕೊಟ್ಟು ತರುವುದು ನನ್ನ ಜಾಯಮಾನವಲ್ಲ.

ಆ ಅಂಗಡಿಯವನು ಕಡೆಗೆ ಯಾಕೆ ಅಷ್ಟು ಕಡಿಮೆಗೆ ಒಪ್ಪಿದ ಎಂದು ನಾನು ಯೋಚಿಸಬೇಕಿತ್ತು. ಮೂವತ್ತು ವರ್ಷದಿಂದ ಸ್ಟೀಲ್ ಪಾತ್ರೆ ಮಾರುತ್ತಿದ್ದೇನೆ. ಪಾತ್ರೆ ವ್ಯಾಪಾರದಲ್ಲಿ ಒಂದು ಸುಖವಿದೆ: ಇವತ್ತು ತಂದ ಕೊಳಗ ಮುಂದಿನ ವರ್ಷವೂ ಕೊಳಗವೇ, ಗಿರಾಕಿಯೂ ಅದೇ ಗಾತ್ರ. ಮೂರು ಕೆಜಿಯ ಗಿರಾಕಿ ಆರು ವಾರದಲ್ಲಿ ಐದು ಕೆಜಿ ಆಗುವ ವ್ಯಾಪಾರ ನನಗೆ ಹೊಸದು.

ನಿಜ ಹೇಳಬೇಕೆಂದರೆ ಈ ಡೈಪರ್ ತರಲು ನನಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಎರಡು ಪಕ್ಷವಾಗಿತ್ತು, ಅಷ್ಟೆ. ಮಗಳು ಸಹನಾ ಡೈಪರ್ ಪಕ್ಷ. "ಅಮ್ಮನ ಮಣಿಕಟ್ಟು ಮೊದಲೇ ನೋವು, ದಿನಕ್ಕೆ ಮೂವತ್ತು ಬಟ್ಟೆ ಯಾರು ಒಗೀತಾರೆ" ಎಂಬುದು ಅವಳ ಮಾತು. ನನ್ನ ಹೆಂಡತಿ ಗಿರಿಜಾ ಬಟ್ಟೆ ಪಕ್ಷ. "ಹಸುಗೂಸಿಗೆ ಹಳೇ ಪಂಚೆ ಬಟ್ಟೇನೇ ಆಗ್ಬೇಕು. ಕೈ ನೋವು ನನ್ನದು, ನಾನು ನೋಡ್ಕೋತೀನಿ" ಎಂಬುದು ಅವಳದು. ಇಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಿದ್ದ ಜಗಳ ಅದು, ನಾಲ್ಕು ದಿನದಲ್ಲಿ ತಾನೇ ಬಗೆಹರಿಯುತ್ತಿತ್ತು. ಅಷ್ಟರಲ್ಲಿ ಯಜಮಾನನಾದ ನಾನು ಮೂವತ್ತು ಪ್ಯಾಕೆಟ್ಟು ಇಳಿಸಿ ತೀರ್ಪು ಕೊಟ್ಟುಬಿಟ್ಟೆ.

ತೀರ್ಪು ಕೊಟ್ಟು ಸುಮ್ಮನಾಗಿದ್ದರೂ ಆಗುತ್ತಿತ್ತು. ಕೊಂಡ ವಸ್ತುವಿನಿಂದ ಪೂರಾ ಕೆಲಸ ತೆಗೆಯದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಸಹನಾ ಎರಡು ಗಂಟೆಗೊಮ್ಮೆ ಡೈಪರ್ ಬಿಚ್ಚಿ ಎಸೆಯುವುದನ್ನು ಕಂಡು ನನ್ನ ಹೊಟ್ಟೆ ಉರಿಯಿತು. ಪಾತ್ರೆಯವರ ಕೈಗೆ ತೂಕ ತಿಳಿಯುತ್ತದೆ. ತಕ್ಕಡಿ ಇಲ್ಲದೆಯೇ ಲೋಟ ಎಷ್ಟು ಗ್ರಾಂ ಎಂದು ಹೇಳಬಲ್ಲೆ. ಆ ವಿದ್ಯೆಯನ್ನು ಮೊಮ್ಮಗಳ ಮೇಲೆ ಪ್ರಯೋಗಿಸಿದೆ. ಮಗುವನ್ನು ಎತ್ತಿಕೊಂಡು, ಕೆಳಗೆ ಅಂಗೈ ಕೊಟ್ಟು ತೂಗಿ, "ಇನ್ನೂ ಅರ್ಧಕ್ಕರ್ಧ ಜಾಗ ಇದೆ ಕಣಮ್ಮ. ಪ್ಯಾಕೆಟ್ ಮೇಲೆ ಹನ್ನೆರಡು ಗಂಟೆ ಅಂತ ಬರ್ದಿದಾನೆ, ಅವನೇನು ಸುಳ್ಳು ಬರೀತಾನಾ" ಎನ್ನುತ್ತಿದ್ದೆ. ದಿನಕ್ಕೆ ನಾಲ್ಕು ಸಾಕು ಎಂದು ಗೊತ್ತುಮಾಡಿದೆ. ನಾಲ್ಕರಂತೆ ಏಳುನೂರ ಇಪ್ಪತ್ತು ಡೈಪರ್ ಆರು ತಿಂಗಳು ಬರುತ್ತದೆಂದು ಲೆಕ್ಕವನ್ನೂ ಹೇಳಿದೆ. ಆರು ತಿಂಗಳ ಮಗುವಿಗೆ ಆ ಡೈಪರ್ ತೋಳಿಗೆ ತಾಯಿತದಂತೆ ಕಟ್ಟಲು ಮಾತ್ರ ಆದೀತು ಎಂದು ನನಗೆ ಹೊಳೆಯಲಿಲ್ಲ. ಬಾಣಂತಿ ಹುಡುಗಿ, ನಿದ್ದೆಗೆಟ್ಟವಳು, ಅಪ್ಪ ಹೇಳಿದ್ದಕ್ಕೆ ಹೂಂ ಅಂದಳು.

ಹದಿಮೂರನೆಯ ದಿನಕ್ಕೆ ಮಗುವಿನ ತೊಡೆಸಂದಿಯೆಲ್ಲ ಕೆಂಪಗೆ ಬೆಂದಂತಾಯಿತು. ಉಚ್ಚೆ ಹೊಯ್ದಾಗಲೆಲ್ಲ ಚೀರುತ್ತಿತ್ತು, ಹಾಲು ಕುಡಿಯುತ್ತ ಕುಡಿಯುತ್ತಲೇ ಬಾಯಿ ಬಿಟ್ಟು ಅಳುತ್ತಿತ್ತು. ಸಹನಾ ಅದನ್ನು ಮಡಿಲಲ್ಲಿಟ್ಟುಕೊಂಡು, "ಅಪ್ಪ, ನನಗೆ ಮಗು ನೋಡ್ಕೊಳ್ಳೋಕೇ ಬರಲ್ಲ ಅನ್ಸತ್ತೆ" ಅಂದಳು. ಅವಳು ಅರಕಲಗೂಡಿನಲ್ಲಿ ಸರ್ವೆ ಇಲಾಖೆಯಲ್ಲಿ ಕೆಲಸ ಮಾಡುವವಳು. ಸರಪಳಿ ಹಿಡಿದು ಅಣ್ಣತಮ್ಮಂದಿರ ಜಗಳದ ನಡುವೆ ಗೆರೆ ಎಳೆದು ಬರುವ ಹುಡುಗಿ. ಅವಳ ಬಾಯಲ್ಲಿ ಆ ಮಾತು ಕೇಳಿಯೂ ತಪ್ಪು ನನ್ನದೆಂದು ನಾನು ಒಪ್ಪಿಕೊಳ್ಳಲಿಲ್ಲ.

ಆವತ್ತೇ ಆಶಾ ಕಾರ್ಯಕರ್ತೆ ಮಂಜುಳಾ ಮಗು ನೋಡಲು ಬಂದಳು. ಬಿಚ್ಚಿ ನೋಡಿದವಳೇ, "ಎಷ್ಟೊತ್ತಿಗೊಂದ್ ಸಲ ಬದಲಾಯಿಸ್ತೀರ?" ಎಂದು ಕೇಳಿದಳು. ಸಹನಾ ನನ್ನ ಕಡೆ ನೋಡಿದಳು. ಗಿರಿಜಾಗೆ ಅಂಥ ಸಂಕೋಚವಿಲ್ಲ. "ಇವರು ಕೈಯಲ್ಲಿ ತೂಗಿ, ತುಂಬೈತೆ ಅಂದ್ಮೇಲೆ" ಅಂದಳು. ಮಂಜುಳಾ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಾ, ಇದೇನ್ ಸಿಂಟೆಕ್ಸಾ, ತುಂಬೋಗಂಟ ಕಾಯಕ್ಕೆ?" ಎಂದಳು. ಮಗುವಿನ ಚರ್ಮ ಒಣಗಿರಬೇಕು, ಗಾಳಿಯಾಡಬೇಕು, ಸದ್ಯಕ್ಕೆ ಮೆತ್ತನೆಯ ಹಳೇ ಹತ್ತಿ ಬಟ್ಟೆ ಹಾಕಿ, ಒದ್ದೆಯಾದ ತಕ್ಷಣ ತೆಗೆಯಿರಿ, ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ ಎಂದು ಹೇಳಿ ಹೋದಳು.

ಗಿರಿಜಾ ಟ್ರಂಕು ತೆಗೆದಳು. ಅದರಲ್ಲಿ ಒಂದಾದರೂ ಹಳೇ ಹತ್ತಿ ಬಟ್ಟೆ ಇರಬೇಕಲ್ಲ. ಇರಲಿಲ್ಲ. ಇದಕ್ಕೂ ಕಾರಣ ನಾನೇ. ಅಂಗಡಿ ಹಾಕುವ ಮುಂಚೆ ನಾನು ತಲೆಯ ಮೇಲೆ ಬುಟ್ಟಿ ಹೊತ್ತು, ಹಳೇ ಬಟ್ಟೆಗೆ ಪಾತ್ರೆ ಕೊಡುತ್ತ ರಾಮನಾಥಪುರದಿಂದ ಹಿರೀಸಾವೆಯವರೆಗೆ ಊರೂರು ತಿರುಗಿದವನು. ಸೀರೆಯನ್ನು ಬಿಸಿಲಿಗೆ ಹಿಡಿದು, ಇಲ್ಲದ ತೂತು ತೋರಿಸಿ, ಐದು ಸೀರೆಗೆ ಒಂದು ಡಬರಿ ಕೊಟ್ಟು ಬಂದ ದಿನ ಹಬ್ಬ ಮಾಡಿದವನು. ಆ ಭರದಲ್ಲಿ ಸ್ವಂತ ಮನೆಯ ಬಟ್ಟೆಯನ್ನೂ ಬಿಟ್ಟಿರಲಿಲ್ಲ. ಈಗ ನಮ್ಮ ಮನೆಯಲ್ಲಿರುವ ಲುಂಗಿಗಳೆಲ್ಲ ಪಾಲಿಯೆಸ್ಟರು, ನೀರು ಹೊಯ್ದರೆ ಕೆಸುವಿನ ಎಲೆಯ ಮೇಲಿಂದ ಜಾರಿದಂತೆ ಜಾರುತ್ತದೆ. ಹೊಸ ಬಟ್ಟೆ ತರೋಣವೆಂದರೆ, ನಾಮಕರಣದ ತನಕ ಕೂಸಿಗೆ ಹೊಸದು ಸೋಕಿಸಬಾರದು, ಬಾಳಿ ಬದುಕಿದವರು ಉಟ್ಟ ಬಟ್ಟೆಯೇ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ. ಶಾಸ್ತ್ರ ಬಿಡಿ, ಗಂಜಿ ಹಾಕಿದ ಹೊಸ ಬಟ್ಟೆ ಬೆಂದ ಚರ್ಮಕ್ಕೆ ತಾಗಿದರೆ ಏನಾದೀತೆಂದು ಬಟ್ಟೆ ಮುಟ್ಟಿ ಬದುಕಿದ ನನಗೆ ಗೊತ್ತಿತ್ತು.

ಸ್ಕೂಟರ್ ತೆಗೆದುಕೊಂಡು ಮೊಸಳೆ ಎಂಬ ಊರಿಗೆ ಹೋದೆ. ಅಲ್ಲಿ ಕೆಂಪಮ್ಮ ಎಂಬ ಅಜ್ಜಿ ನನ್ನ ಬುಟ್ಟಿ ಕಾಲದ ಗಿರಾಕಿ. ಒಳ್ಳೆಯ ಹತ್ತಿ ಬಟ್ಟೆ ಉಟ್ಟ ಮನೆ. ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು.

"ಯಾರಪ್ಪಾ, ಪಾತ್ರೆ ಶಿವಣ್ಣನಾ? ಬುಟ್ಟಿ ಇಲ್ದೇನೆ ಬಂದ್ಬುಟ್ಟಿದೀಯಲ್ಲ."

"ಮಾರಕ್ ಬಂದಿಲ್ಲ ಅವ್ವ. ಹಳೇ ಬಟ್ಟೆ ಇದ್ರೆ ಬೇಕಿತ್ತು."

"ನೀನು ಯಾವಾಗ್ಲೂ ಬತ್ತಿದ್ದುದು ಅದ್ಕೇ ಅಲ್ವಾ?"

ಒಳಗಿದ್ದ ಸೊಸೆ ನಕ್ಕಿದ್ದು ಕೇಳಿಸಿತು. ಮಗಳ ಸಂಗತಿ, ಕೂಸಿನ ಸಂಗತಿ, ಗಿರಿಜಾಳ ಕೈನೋವು ಎಲ್ಲ ಹೇಳಿದೆ. ಅಜ್ಜಿ ಎದ್ದು ಹೋಗಿ, ತೀರಿಹೋದ ಯಜಮಾನರ ಎರಡು ಪಂಚೆ ತಂದು ನನ್ನ ಕೈಗಿಟ್ಟಳು. ಒಗೆದು ಒಗೆದು ಬೆಣ್ಣೆಯಾಗಿದ್ದವು. ಮುಂದೆ ನಡೆದದ್ದಕ್ಕೆ ನನ್ನ ಕೈಗಳನ್ನು ಬೈಯಬೇಕು. ಅವು ತಾವಾಗಿಯೇ ಪಂಚೆಯನ್ನು ಬಿಸಿಲಿಗೆ ಹಿಡಿದವು. ಹಿಂದೆಯೇ ಬಾಯಿಯೂ ತಾನಾಗಿ, "ಅವ್ವ, ಮಧ್ಯದಲ್ಲಿ ಸ್ವಲ್ಪ ಪಿಸ್ದಂಗದೆ" ಎಂದಿತು.

ಅಜ್ಜಿ ಪಂಚೆ ಕಿತ್ತುಕೊಂಡಳು. "ಪಿಸ್ದಿದ್ರೆ ಬುಡಪ್ಪ. ನಮ್ಮನೇಲಿ ನೆಲ ಒರ್ಸಕ್ಕಾಯ್ತದೆ."

ಅಲ್ಲಿಂದ ನಾನು ಜೀವಮಾನದಲ್ಲಿ ಮಾಡದ ವ್ಯಾಪಾರ ಮಾಡಿದೆ. ನನ್ನ ಬೆಲೆಯನ್ನು ನಾನೇ ಏರಿಸುತ್ತ ಹೋದೆ. ಒಂದು ಕೊಡ ಕಳಿಸ್ತೀನಿ ಅಂದೆ. ಅಜ್ಜಿ ಅವರೆಕಾಯಿ ಸುಲಿದಳು. ಇಡ್ಲಿ ಪಾತ್ರೆ ಅಂದೆ. ಸುಲಿದಳು. ಐದು ಲೀಟರಿನ ಕುಕ್ಕರ್ ಅಂದೆ. "ಎಲ್ಡವೆ ಕಣಪ್ಪ, ಸೀಟಿ ಒಡ್ದು ಒಡ್ದು ಕಿವಿ ಓಗದೆ" ಅಂದಳು. "ಕೂಸಿನ ಬಟ್ಟೆಗೆ ಬೆಲೆ ಈಸ್ಕೊಂಡ್ರೆ ನಮ್ಮೆಜಮಾನ್ರು ಕನಸಲ್ಲಿ ಬಂದು ಬೈತಾರೆ. ಅದಿರ್ಲಿ, ಒಗ್ಯೋರು ಯಾರು?"

"ನಮ್ಮನೆಯೋಳು."

"ಅವ್ಳಿಗೆ ಕೈನೋವು ಅಂತ ಈಗ ತಾನೆ ಅಂದೆ. ನೀನು ಒಗ್ದೀಯ ಅಂದ್ರೆ ತಗಂಡೋಗು. ಇಲ್ದಿದ್ರೆ ಆ ಪಿಲಾಸ್ಟಿಕ್ಕೇ ಕಟ್ಕೊಂಡು ಕೂತ್ಕೊ."

"ಬೆಳಿಗ್ಗೆದು ನಾನು ಒಗೀತೀನಿ ಅವ್ವ, ಸಾಯಂಕಾಲದ್ದು..."

"ಲೇ ಶಿವಣ್ಣ, ಇದ್ರಲ್ಲೂ ಚೌಕಾಸಿನಾ?"

ಒಪ್ಪಿದೆ. ಎರಡು ಪಂಚೆಯ ಮೇಲೆ ಒಂದು ಹತ್ತಿ ಸೀರೆಯನ್ನೂ ಹಾಕಿದಳು. ಮನೆಗೆ ತಂದು ಕುದಿಸಿ, ಒಣಗಿಸಿ, ಹರಿದರೆ ನಲವತ್ತು ತುಂಡಾದವು. ಮೊದಲ ದಿನವೇ ಸಹನಾ ಮುಂದೆ ಕೂತು, ಮಗು ನೋಡಿಕೊಳ್ಳಲು ಬಾರದವಳು ನೀನಲ್ಲ, ಅಂಗೈಯಲ್ಲಿ ತೂಗಿದ ನಾನು ಎಂದು ಹೇಳಿದೆ. ಅವಳು, "ಗೊತ್ತಪ್ಪ, ನೀನೇ ಹೇಳ್ಲಿ ಅಂತ ಕಾಯ್ತಿದ್ದೆ" ಅಂದಳು. ಎರಡನೆಯ ದಿನಕ್ಕೇ ಕೆಂಪು ಕಡಿಮೆಯಾಗಿ, ನಾಲ್ಕನೆಯ ದಿನಕ್ಕೆ ಪೂರಾ ಇಳಿಯಿತು. ಐದನೆಯ ದಿನ ಮಧ್ಯಾಹ್ನ ತಾಯಿ ಮಗು ಇಬ್ಬರೂ ಮೂರು ಗಂಟೆ ಒಂದೇ ನಿದ್ದೆ ಮಾಡಿದರು. ಗಿರಿಜಾ ಬಾಗಿಲ ಬಳಿ ಕೂತು ಕೊರಿಯರ್ ಹುಡುಗನಿಗೂ ಸದ್ದು ಮಾಡಲು ಬಿಡಲಿಲ್ಲ.

ಉಳಿದ ಡೈಪರ್ ಕೆಡಲಿಲ್ಲ. ಲಸಿಕೆಗೆ, ಚನ್ನರಾಯಪಟ್ಟಣದ ನೆಂಟರ ಮನೆಗೆ ಹೋಗುವಾಗ ಅವೇ. ಅಳತೆ ಮೀರಿದ ಮೇಲೆ ಉಳಿದ ಇಪ್ಪತ್ತೈದು ಪ್ಯಾಕೆಟ್ಟನ್ನು ಅಂಗಡಿಯಲ್ಲಿ ಮಗುವಿಗೆ ನೀರು ಹೊಯ್ಯುವ ಬೋಗುಣಿ ಕೊಂಡವರಿಗೆಲ್ಲ ಒಂದೊಂದು ಕೊಟ್ಟೆ, ಎರಡು ಗಂಟೆಗೊಮ್ಮೆ ಬದಲಾಯಿಸಿ ಎಂಬ ಉಪದೇಶದ ಸಮೇತ. ಮುಂದಿನ ತಿಂಗಳು ಸಹನಾ ಅರಕಲಗೂಡಿಗೆ, ಕೆಲಸಕ್ಕೆ ವಾಪಸ್ಸು ಹೊರಡುತ್ತಾಳೆ. ಮೊನ್ನೆ ಅಳಿಯ ಬಂದವನು, "ಮಾವ, ಬಟ್ಟೆ ಒಳ್ಳೇದಾ, ಡೈಪರ್ ಒಳ್ಳೇದಾ?" ಎಂದು ಕೇಳಿದ. "ದಿನಕ್ಕೆ ನೀನು ಎಷ್ಟು ಒಗೀತೀಯ ಹೇಳು, ಆಮೇಲೆ ಹೇಳ್ತೀನಿ" ಅಂದೆ. ಯೋಚಿಸಿ, "ಹತ್ತು" ಅಂದ. ಹುಡುಗ ಪರವಾಗಿಲ್ಲ. ನಾನು ಹದಿನೈದಕ್ಕೆ ಏರಿಸಿದೆ.

ನಿಮ್ಮ ಮನೆಗೂ ಕೂಸು ಬರುವುದಿದ್ದರೆ ಕೇಳಿ. ಡೈಪರ್ ಅಗ್ಗಕ್ಕೆ ಸಿಕ್ಕಿತೆಂದು ಒಂದೇ ಅಳತೆಯದನ್ನು ರಾಶಿ ತರಬೇಡಿ, ಒಂದು ಪ್ಯಾಕೆಟ್ಟು ಮುಗಿದ ಮೇಲೆ ಇನ್ನೊಂದು. ಯಾವುದನ್ನೇ ಕಟ್ಟಿ, ಒದ್ದೆಯಾದರೆ ತೆಗೆಯಿರಿ, ತೂಗಬೇಡಿ. ಬಟ್ಟೆಯಾದರೆ ಸೋಪು ಪೂರಾ ಹೋಗುವಂತೆ ಜಾಲಿಸಿ, ಚುರುಕು ಬಿಸಿಲಿಗೆ ಹಾಕಿ. ಮೆತ್ತನೆಯ ಹಳೇ ಪಂಚೆ ಕಂಡರೆ ಯಾವ ಪಾತ್ರೆಗೂ ಕೊಡಬೇಡಿ, ನಾನೇ ಬಂದು ಕೇಳಿದರೂ. ಬಟ್ಟೆಯೋ ಡೈಪರೋ ಎಂಬುದನ್ನು ಒಗೆಯುವವರು ತೀರ್ಮಾನಿಸಲಿ, ಉಳಿದವರು ಅಭಿಪ್ರಾಯ ಇಟ್ಟುಕೊಳ್ಳಲಿ. ಇನ್ನೂ ಏನಾದರೂ ಕೇಳುವುದಿದ್ದರೆ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಮನೆಗೆ ಬನ್ನಿ. ಹಿತ್ತಲಿನ ನಲ್ಲಿಯ ಹತ್ತಿರ ಇರುತ್ತೇನೆ. ಸಲಹೆಗೆ ದುಡ್ಡಿಲ್ಲ. ಹಿಂಡುವಾಗ ಒಂದು ತುದಿ ಹಿಡಿದುಕೊಂಡರೆ ಸಾಕು.