ಆಮೆನ್ ಬರುವ ತನಕ

ಮಾತು ಹೊರಬಿದ್ದದ್ದು ಭಾನುವಾರ, ಚರ್ಚಿನಲ್ಲಿ ಆರಾಧನೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿದ್ದ ಹೊತ್ತಿನಲ್ಲಿ. ಮನೆ ಹೊಲ ಮಾರಿಹೋಗುತ್ತವೆ, ಮೊಮ್ಮಕ್ಕಳಿಗೆ ವಿಶ್ವಾಸವನ್ನು ಬಿಟ್ಟುಹೋಗಿರಿ ಎಂದು ಸಭೆಯ ಪಾದ್ರಿ ಅಯ್ಯನವರು ಪ್ರಸಂಗ ಮಾಡಿದ್ದರು. ಅದರ ಬಿಸಿ ಆರುವ ಮೊದಲೇ ದೇವದಾನಪ್ಪನವರು ಬಾಯಿ ಬಿಟ್ಟರು. ಶನಿವಾರ ತಮ್ಮ ಮನೆಯಲ್ಲಿ ಕೂಡುವ ಪ್ರಾರ್ಥನೆಯನ್ನು ಮೊಮ್ಮಗಳು ತನ್ವಿಯೇ ಕನ್ನಡದಲ್ಲಿ ನಡೆಸುವಳೆಂದು ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟರು.

ಬೀದರಿನಿಂದ ತೆಲುಗು ಸೀಮೆಗೆ ಬಂದು, ಬಾಲಾನಗರದ ಕಾರ್ಖಾನೆಯಲ್ಲಿ ದುಡಿದು, ಈಗ ಹೆಂಡತಿಯ ಜೊತೆ ಮಿಯಾಪುರದಲ್ಲಿ ಮಗನ ಸಂಸಾರದೊಡನಿದ್ದ ಅವರಿಗೆ ಬಿಟ್ಟುಹೋಗಲು ಬೇರೇನೂ ಇರಲಿಲ್ಲ. ದಿನಾ ಸಂಜೆಯ ಮನೆಪ್ರಾರ್ಥನೆ ಅಜ್ಜನಿಂದ ತಂದೆಗೆ, ತಂದೆಯಿಂದ ತಮಗೆ ಬಂದಿತ್ತು. ಮಗ ಸರಿಯಾಗಿ ಆ ಹೊತ್ತಿಗೇ ಕಂಪ್ಯೂಟರಿನ ಮುಂದೆ ಮೀಟಿಂಗಿಗೆ ಕೂರುತ್ತಿದ್ದುದರಿಂದ ಸರಪಣಿ ಅಲ್ಲಿ ತುಂಡಾಗಿತ್ತು. ಉಳಿದವಳು ಎಂಟು ವರ್ಷದ ತನ್ವಿ. ಶಾಲೆಯಲ್ಲಿ ಇಂಗ್ಲಿಷು, ವಾಚ್‌ಮನ್ನನೊಡನೆ ತೆಲುಗು, ಅಜ್ಜನೊಡನೆ ಹಿಂದಿ. ಕನ್ನಡವನ್ನು ಆಕೆ ಕಿವಿಯಿಂದ ಒಳಗೆ ಬಿಟ್ಟುಕೊಳ್ಳುತ್ತಿದ್ದಳೇ ಹೊರತು ಬಾಯಿಂದ ಹೊರಗೆ ಬಿಡುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಪಾಠ ಆರಂಭವಾಯಿತು. ಮಧ್ಯಾಹ್ನದ ಹೊತ್ತಿಗೆ ಅಜ್ಜನ ಗಂಟಲು ಎಣ್ಣೆ ಕಾಣದ ಲೇತ್ ಯಂತ್ರದಂತೆ ಕಿರುಗುಟ್ಟುತ್ತಿತ್ತು. ಮೊಮ್ಮಗಳು ಒಂದು ಪದವನ್ನೂ ಆಡಿರಲಿಲ್ಲ.

ಎದುರು ಮನೆಯ ಶಾರದಾಬಾಯಿಯವರು ಕಲಬುರಗಿಯವರು. ಕರೆಯುವ ಮೊದಲೇ ಬರುವವರು. "ಕೂಸಿಗಿ ಯಾಕ ಕಾಡಾಕತ್ತೀರಿ ಅಣ್ಣಾರ? ಶೇಂಗಾ ಹೋಳಿಗಿ ತಿನ್ನಸ್ರಿ, ನಾಲಿಗಿ ತಾನಾ ಹೊಳ್ಳತೈತಿ." ತನ್ವಿ ತಿಂದಳು. ನಾಲಿಗೆ ಹೊರಳಿತು, ಇನ್ನೊಂದು ಹೋಳಿಗೆಯನ್ನು ಹಿಂದಿಯಲ್ಲಿ ಕೇಳಿತು.

ಕೆಳಮನೆಯ ಶಿವಶರಣಪ್ಪ, ಕಾರ್ಖಾನೆಯ ಹಳೆಯ ಜೊತೆಗಾರ, ಪ್ರಾರ್ಥನೆಯನ್ನು ಆಕೆ ಶಾಲೆಯಲ್ಲಿ ಕಲಿತಿದ್ದ ತೆಲುಗು ಲಿಪಿಯಲ್ಲಿ ಬರೆಸಿಕೊಟ್ಟರು. ಆಕೆ ಅದನ್ನು ದಿಲ್‌ಸುಖ್‌ನಗರದ ಬಸ್ಸಿನ ಕಂಡಕ್ಟರು ನಿಲ್ದಾಣಗಳನ್ನು ಕೂಗುವಂತೆ ಓದಿ, ಆಟಕ್ಕೆ ಹೋದಳು.

ದೇವದಾನಪ್ಪನವರು ದಣಿದು ಕುರ್ಚಿಗೆ ಒರಗಿದರು. ಸಂಜೆ ಬರುವುದೇ ಬೇಡವೆನಿಸಿತು. ಕೊನೆಗೆ ಮನೆಯವರನ್ನು ಕೂಡಿಸಿ ತಮ್ಮ ದಿನನಿತ್ಯದ ಪ್ರಾರ್ಥನೆಯ ಕ್ರಮವನ್ನೇ ಹಿಡಿದರು. ಯಾರನ್ನೂ ಎದುರಿಗೆ ಗದರುವುದು ಅವರ ಪದ್ಧತಿಯಲ್ಲ. ಎಲ್ಲರೂ ಕಣ್ಣು ಮುಚ್ಚಿದ ಮೇಲೆ ದೂರನ್ನು ನೇರವಾಗಿ ದೇವರಿಗೇ ಒಪ್ಪಿಸುತ್ತಿದ್ದರು.

"ಸ್ವಾಮಿ, ಈ ಹುಡಿಗಿಗೆ ಹಟ ಭಾಳ ಐತಿ, ಮುರದ್ಹಾಕು. ಇಕಿ ಅವ್ವಗ ಗೀಸರ್ ಬಂದ್ ಮಾಡೂ ನೆನಪು ಕೊಡು."

ಸೊಸೆ ಹಲ್ಲು ಕಚ್ಚಿದಳು. ಆಮೆನ್ ಬರುವ ತನಕ ಯಾರೂ ತುಟಿ ತೆರೆಯಬಾರದೆಂಬುದು ಮನೆತನದ ಕಟ್ಟಳೆ.

ಸಂಜೆ ಹಜಾರ ತುಂಬಿತು. ಮಜಾ ನೋಡಲು ಶಾರದಾಬಾಯಿಯವರೂ ಬಂದು ಕುಳಿತರು. ಹಾಡು ಮುಗಿಯಿತು. ಅಯ್ಯನವರು, "ಸುರು ಮಾಡವ್ವಾ" ಎಂದರು. ಎಲ್ಲರೂ ಕಣ್ಣು ಮುಚ್ಚಿದರು. ದೇವದಾನಪ್ಪನವರು ಅವಮಾನಕ್ಕೆ ಸಿದ್ಧರಾಗಿ ತಲೆ ತಗ್ಗಿಸಿದರು.

"ಕೃಪಾಳುವಾದ ಸ್ವಾಮಿ, ಈ ಸಂಜಿ ನಿನ್ನ ಪಾದಕ್ಕ ಬಂದೇವಿ."

ಅಪ್ಪಟ ಅಜ್ಜನ ಕನ್ನಡ. ಅದೇ ಏರಿಳಿತ, ಅಜ್ಜ ಕೆಮ್ಮುವ ಜಾಗದಲ್ಲಿ ಅದೇ ಕೆಮ್ಮು. ದೇವದಾನಪ್ಪನವರ ಕಣ್ಣು ತುಂಬಿತು. ತುಂಡಾದ ಸರಪಣಿ ಕೂಡಿಕೊಂಡಿತ್ತು.

"ನಮ್ಮ ಅಜ್ಜಗ ಬುದ್ಧಿ ಕೊಡು ಸ್ವಾಮಿ. ಶುಗರ್ ಐತಿ. ಆದ್ರೂ ವಾಕಿಂಗ್ ಅಂತ ಹೋಗಿ ಮೆಟ್ರೋ ಬಾಜೂಕ ಜಿಲೇಬಿ ತಿಂತಾನ. ಅಜ್ಜಿಗಿ ಗೊತ್ತಿಲ್ಲ. ನಿನಗ ಗೊತ್ತೈತಿ."

ತಡೆಯಲು ಅಜ್ಜನ ತುಟಿ ಅಲುಗಿತು. ಕಟ್ಟಳೆ ನೆನಪಾಗಿ ಮುಚ್ಚಿಕೊಂಡಿತು.

"ಶಾರದಾಬಾಯಿ ಆಂಟಿ ಬಂದ್ರ ಒಳಗ ಹೋಗಿ ಮಲಗಿದಂಗ ಮಾಡ್ತಾನ. ಆ ಸುಳ್ಳು ಕ್ಷಮಿಸು. ಅಯ್ಯನೋರ ಪ್ರಸಂಗ ಮುಗಿಯೂದ್ರಾಗ ಮನ್ಯಾಗಿನ ಬಿರಿಯಾನಿ ಆರತೈತಿ ಅಂತ ಆಯ್ತಾರಕ್ಕೊಮ್ಮೆ ಅಂತಾನ. ಅವರಿಗೂ ಪ್ರಸಂಗ ಲಗೂ ಮುಗಸೂ ಕೃಪೆ ಕೊಡು."

ಪ್ರಾರ್ಥನೆ ಅಜ್ಜನದಷ್ಟೇ ಉದ್ದವಿತ್ತು. ಆಮೆನ್ ಬಂದಾಗ ಅಯ್ಯನವರು ನಿಧಾನವಾಗಿ ಕನ್ನಡಕ ಒರೆಸಿಕೊಂಡರು.

"ದೇವದಾನಪ್ಪನೋರ, ನಿಮ್ಮದು ಮೊಮ್ಮಗಳಿಗಿ ಇದ್ದದ್ದು ಇದ್ದಂಗ ದಾಟೇತಿ. ಇನ್ನ ನೀವು ವಿಶ್ರಾಂತಿ ತಗೋರಿ. ದಿನಾ ಸಂಜಿ ಈ ಕೂಸೇ ಪ್ರಾರ್ಥನಿ ಮಾಡ್ಲಿ, ನೀವು ಕಣ್ಣು ಮುಚ್ಚಿ ಕೂಡ್ರಿ."

ಎಲ್ಲರೂ ಆಮೆನ್ ಎಂದರು. ಎಲ್ಲರಿಗಿಂತ ಗಟ್ಟಿಯಾಗಿ ಎಂದವರು ಅವರ ಹೆಂಡತಿ ಕರುಣಾಬಾಯಿ.