ಹೇಳದೆ ಕೇಳದೆ ರಜೆ ಹಾಕಿದ ಮೂತ್ರಪಿಂಡಗಳಿಗೆ

ಮಾನ್ಯ ಎಡ ಮೂತ್ರಪಿಂಡದವರಿಗೂ ಅಷ್ಟೇ ಮಾನ್ಯರಾದ ಬಲ ಮೂತ್ರಪಿಂಡದವರಿಗೂ, ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ಮಾಡುವ ನಮಸ್ಕಾರಗಳು.

ಐವತ್ತೆರಡು ವರ್ಷ ಒಂದು ದಿನವೂ ತಪ್ಪದೆ ದುಡಿದ ತಾವು, ಹೊಟ್ಟೆಯ ಹುಣ್ಣು ಒಡೆದು ನನಗೆ ತುರ್ತು ಆಪರೇಷನ್ ಆದ ಮರುದಿನವೇ ಕೆಲಸ ನಿಲ್ಲಿಸಿದ್ದು ಮನಸ್ಸಿಗೆ ಬಹಳ ನೋವು ತಂದಿದೆ. ಗಣಿತದ ಮೇಷ್ಟ್ರಾದ ನಾನು ರಜಾ ಚೀಟಿ ಕೊಡದೆ ಶಾಲೆ ತಪ್ಪಿಸಿದವನಲ್ಲ ಎಂಬುದನ್ನು ವಿನಯದಿಂದ ತಮ್ಮ ಗಮನಕ್ಕೆ ತರುತ್ತೇನೆ.

ಆದರೆ ವಿಚಾರಿಸಿದಾಗ ತಪ್ಪು ಯಾರದೆಂದು ತಿಳಿದು ನಾಚಿಕೆಯಾಯಿತು. ಮಂಡಿನೋವಿಗೆಂದು ಯಾರನ್ನೂ ಕೇಳದೆ ನುಂಗುತ್ತಿದ್ದ ಮಾತ್ರೆಗಳಿಂದ ಹುಣ್ಣಾಗಿ, ತಿಂಗಳುಗಟ್ಟಲೆ ಒಳಗೊಳಗೇ ರಕ್ತ ಒಸರಿ ಹೋಗುತ್ತಿತ್ತಂತೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ನನ್ನನ್ನು ಅಕ್ಕ ಬೈದು ಬೈದು ರಕ್ತಪರೀಕ್ಷೆಗೆ ಕಳಿಸಿದ್ದಳು. ಹಿಮೋಗ್ಲೋಬಿನ್ ಏಳು ಎಂದು ಬಂತು. ಇಪ್ಪತ್ತೇಳು ವರ್ಷ ಉತ್ತರಪತ್ರಿಕೆ ತಿದ್ದಿದ ನಾನು, ಹತ್ತಕ್ಕೆ ಏಳು ಎಂದರೆ ಪ್ರಥಮ ದರ್ಜೆ ಎಂದು ತೀರ್ಮಾನಿಸಿ, “ಪಾಸಾಗಿದ್ದೀನಿ ಕಣೇ” ಎಂದು ಅಕ್ಕನಿಗೆ ಬೀಗುತ್ತಾ ಹೇಳಿ ಚೀಟಿಯನ್ನು ಜೇಬಿಗಿಳಿಸಿದೆ. ಗಂಡಸರಿಗೆ ಹದಿಮೂರಾದರೂ ಇರಬೇಕೆಂದು ಪಕ್ಕದಲ್ಲೇ ಅಚ್ಚಾಗಿತ್ತು. ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರ ಬರೆಯಿರಿ ಎಂದು ಮಕ್ಕಳಿಗೆ ಗಂಟಲು ಹರಿದುಕೊಂಡು ಹೇಳುವವನೂ ನಾನೇ.

ಮೊದಲೇ ರಕ್ತ ಕಮ್ಮಿ, ಆಪರೇಷನ್ನಿನಲ್ಲಿ ಇನ್ನಷ್ಟು ಹೋಗಿ, ರಕ್ತದೊತ್ತಡ ಕುಸಿದು, ಆಮ್ಲಜನಕ ಸಾಲದೆ ತಮಗೆ ಪೆಟ್ಟುಬಿದ್ದಿದೆ ಎಂದು ಶಸ್ತ್ರವೈದ್ಯೆ ವಿವರಿಸಿದರು. ಅಂಥ ಯಜಮಾನನಿಗೆ ಇಷ್ಟು ದಿನ ದುಡಿದದ್ದು ತಮ್ಮ ದೊಡ್ಡತನ. ಈಗ ಎರಡು ಚೀಲ ರಕ್ತ ಏರಿಸಿದ್ದಾರೆ. ನಾಳೆ ಬೆಳಿಗ್ಗೆಯೊಳಗೆ ತಾವು ಚೇತರಿಸಿಕೊಳ್ಳದಿದ್ದರೆ ಡಯಾಲಿಸಿಸ್ ಶುರುಮಾಡುತ್ತಾರಂತೆ. ನನಗೆ ನಿಜವಾಗಿಯೂ ಭಯವಾಗಿದೆ. ಆದಕಾರಣ ಮಂಚದ ಪಕ್ಕ ತೂಗುಹಾಕಿರುವ ಮೂತ್ರದ ಚೀಲಕ್ಕೆ ಗಂಟೆಗೆ ಮೂವತ್ತು ಮಿಲಿಲೀಟರಿನಂತಾದರೂ ದಯಪಾಲಿಸಬೇಕೆಂದೂ, ಸಾಧ್ಯವಾದರೆ ನಿನ್ನೆಯ ಬಾಕಿಯನ್ನು ನಿನ್ನೆಯ ತಾರೀಕಿನಲ್ಲೇ ಸುರಿಸಿ ನರ್ಸಮ್ಮನವರ ಮುಖದಲ್ಲಿ ನಗು ತರಿಸಬೇಕೆಂದೂ ಕೋರುತ್ತೇನೆ.

ತಮ್ಮಿಬ್ಬರನ್ನೇ ನಂಬಿಕೊಂಡಿರುವ
ತಮ್ಮ ವಿಶ್ವಾಸಿ,
ಕಿಟಕಿ ಪಕ್ಕದ ಮಂಚದ ಮೇಷ್ಟ್ರು

ವಿ.ಸೂ.: ತಾವು ಏಳದೇ ಹೋದರೆ ತನ್ನದೊಂದನ್ನು ತೆಗೆದು ನನಗೆ ಹಾಕಿ ಎಂದು ಅಕ್ಕ ವೈದ್ಯೆಗೆ ಹೇಳುತ್ತಿದ್ದುದು, ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ್ದ ನನ್ನ ಕಿವಿಗೆ ಬಿತ್ತು. “ಈಗಲೇ ಅಷ್ಟು ದೂರ ಯೋಚನೆ ಮಾಡಬೇಡಿಮ್ಮ” ಎಂದು ವೈದ್ಯೆ ಹೇಳಿದರೂ ಅವಳು ಬಾಗಿಲು ಬಿಟ್ಟು ಕದಲಿಲ್ಲ. ಅವಳದು ಬಂದು ಸೇರಿದರೆ ಈಗ ಹೊರಗಿನಿಂದ ಕೇಳುತ್ತಿರುವ ಬೈಗುಳ ಒಳಗಿನಿಂದಲೂ ಶುರುವಾಗುತ್ತದೆ. ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಅವಳ ಮುಖ ನೋಡಿಯಾದರೂ ಕೆಲಸಕ್ಕೆ ಬನ್ನಿ.