ಆಳಂದದಲ್ಲಿ ಅಮೆರಿಕದ ಪತ್ತೇದಾರ

ಬೇರೆ ಊರುಗಳಲ್ಲಿ ಕಥೆ ಹೇಳಿದರೆ ಕಥೆ ಮುಗಿಯುತ್ತದೆ. ಆಳಂದದಲ್ಲಿ ಹೇಳಿದರೆ ಅದು ಯಾರದೋ ಮನೆಯ ವ್ಯವಹಾರವಾಗುತ್ತದೆ. ಎಂಬತ್ತರ ದಶಕದಲ್ಲಿ ನಾನು ಅಲ್ಲಿನ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಇದು ಮತ್ತೆ ಮತ್ತೆ ಆಯಿತು. ನಾನೂ ಮತ್ತೆ ಮತ್ತೆ ಹೇಳಿದೆ.

ಅವನ ಅವ್ವ

ಸೊಲ್ಲಾಪುರದ ರದ್ದಿ ಅಂಗಡಿಯಲ್ಲಿ ಹಳೆಯ ಅಮೆರಿಕನ್ ಪತ್ತೇದಾರಿ ಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು. ಅಗ್ಗದ ಕಾಗದ, ಮುಖಪುಟದ ಮೇಲೆ ಪಿಸ್ತೂಲು, ಕಿರುಚುವ ಹೆಂಗಸು. ಒಳಗೆ ಎಲ್ಲ ಕಥೆಗಳಲ್ಲೂ ಒಬ್ಬನೇ ಮನುಷ್ಯ, ಹೆಸರು ಮಾತ್ರ ಬೇರೆ: ಒಂಟಿ ಪತ್ತೇದಾರ, ಬಾಡಿಗೆಯ ಆಫೀಸು, ಮೇಜಿನ ಖಾನೆಯಲ್ಲಿ ಬಾಟಲಿ, ತಲೆಗೆ ಟೋಪಿ, ಮೈಗೆ ಉದ್ದ ಕೋಟು, ಕಥೆಗೊಮ್ಮೆ ಒದೆ. ಸಂಜೆ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಇವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಕಾಲೇಜಿನ ಗುಮಾಸ್ತ ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯ ಮಾಲಕಿ ಮುದುಕಿಗೂ ಒಮ್ಮೆ ಹೇಳಿದೆ. ಕೊಲೆ ಯಾರು ಮಾಡಿದರೆಂದು ಆಕೆ ಕೇಳಲಿಲ್ಲ. ಅವನಿಗೆ ಅಡುಗೆ ಯಾರು ಮಾಡುತ್ತಾರೆ ಎಂದಳು. ಹೋಟೆಲಿನಲ್ಲಿ ತಿನ್ನುತ್ತಾನೆ ಎಂದೆ. ಹೆಂಡತಿ? ಇಲ್ಲ. ಅವ್ವ? ಗೊತ್ತಿಲ್ಲ, ಅವನು ಹೇಳುವುದಿಲ್ಲ ಎಂದೆ.

"ತನ್ನ ಅವ್ವ ಎಲ್ಲಿ ಅದಾಳಂತ ಗೊತ್ತಿಲ್ದಾವ, ಕೊಲಿ ಮಾಡ್ದಾವಗ ಹೆಂಗ ಹುಡುಕ್ತಾನ್ರಿ?"

ಕೋಟು

ಗುಮಾಸ್ತನಿಗೆ ಆಗ ಹೆಣ್ಣು ನೋಡಿದ್ದರು. ಅಫಜಲಪುರದ ಹುಡುಗಿ. ನೋಡಿ ಬಂದ ದಿನದಿಂದ ಅವನು ಕಡತಗಳನ್ನು ತಲೆಕೆಳಗಾಗಿ ಇಡುತ್ತಿದ್ದ. ಅವರ ಕಡೆಯಿಂದ ಮಾತ್ರ ಉತ್ತರವಿಲ್ಲ. ಮೊದಲು ಶ್ರಾವಣ ಮುಗಿಯಲಿ ಎಂದರು, ಆಮೇಲೆ ಸುಗ್ಗಿ ಮುಗಿಯಲಿ ಎಂದರು. ಯಾರೋ ಚಾಡಿ ಹೇಳಿದ್ದಾರೆ, ತಾನೇ ಪತ್ತೆ ಮಾಡುತ್ತೇನೆ ಎಂದು ಹೊರಟ ಗುಮಾಸ್ತ ಮೊದಲು ಹೋದದ್ದು ದರ್ಜಿಯ ಬಳಿಗೆ. ಮೊಣಕಾಲು ಮುಚ್ಚುವ ಕೋಟು ಬೇಕೆಂದ. ಆಗ ಏಪ್ರಿಲ್.

ದರ್ಜಿ ಅಳತೆ ಹಿಡಿಯುತ್ತ ಯಾತಕ್ಕೆಂದು ಕೇಳಿದ. ಯಾರಿಗೂ ಗುರುತು ಸಿಗಬಾರದು ಎಂದು ಗುಮಾಸ್ತ ಪಿಸುಗುಟ್ಟಿದ.

"ಭಾಯಿ, ಈ ಬಿಸಲಾಗ ಇಡೀ ಆಳಂದಕ್ಕ ಕೋಟ್ ಹಾಕ್ಕೊಂಡಾವ್ರು ನೀವೊಬ್ರ ಇರ್ತೀರಿ," ಎಂದ ದರ್ಜಿ. "ಗುರ್ತ ಸಿಗಬಾರ್ದಂದ್ರ ಧೋತ್ರ ಉಟ್ಕೊಂಡು ಹೋಗ್ರಿ."

ಜೇವರ್ಗಿ ಬಸ್ಸು

ಕೋಟು ಬಿಟ್ಟ. ಟೋಪಿ ಉಳಿಸಿಕೊಂಡ.

ಸಂಬಂಧ ತಂದಿದ್ದವನು ಆಳಂದದ ಒಬ್ಬ ಬಟ್ಟೆ ವ್ಯಾಪಾರಿ. ಮೇಲಿಂದ ಮೇಲೆ ಜೇವರ್ಗಿಗೆ ಹೋಗುತ್ತಿದ್ದ. ಅದೇ ಹುಡುಗಿಗೆ ಅಲ್ಲಿ ಬೇರೆ ಗಂಡು ನೋಡುತ್ತಿದ್ದಾನೆಂದು ಗುಮಾಸ್ತನ ಅನುಮಾನ. ಒಂದು ದಿನ ಬೆನ್ನು ಹತ್ತಿದ. ಗುಲ್ಬರ್ಗಾದಲ್ಲಿ ಬಸ್ಸು ಬದಲಿಸಿ, ಕೊನೆಯ ಸೀಟಿನಲ್ಲಿ ಕೂತು, ಟೋಪಿ ಕಣ್ಣಿನವರೆಗೆ ಎಳೆದುಕೊಂಡು, ಮುಖಕ್ಕೆ ಪೇಪರು ಅಡ್ಡ ಹಿಡಿದ. ಕಥೆಗಳಲ್ಲಿ ಹಾಗೆಯೇ ಮಾಡುತ್ತಾರೆ. ಕಂಡಕ್ಟರ್ ಬಂದಾಗ ದನಿ ಬದಲಿಸಿ ಟಿಕೆಟ್ ಕೇಳಿದ.

ಮುಂದಿನ ಸೀಟಿನಿಂದ ವ್ಯಾಪಾರಿ ಹಿಂದೆ ತಿರುಗಿ ನೋಡದೆ ಹೇಳಿದ: "ನಿಂದೂ ನಾನ ತಗಿಸೀನಿ. ಪೇಪರ್ ಓದಿದ ಮ್ಯಾಲ ಈ ಕಡಿ ಕೊಡು."

ಆ ದಿನ ಪತ್ತೆಯಾದದ್ದು ಇಷ್ಟು: ಜೇವರ್ಗಿಯಲ್ಲಿ ವ್ಯಾಪಾರಿಯ ಮಗಳ ಮನೆ ಇದೆ, ಆಕೆ ಝುಣಕ ಚೆನ್ನಾಗಿ ಮಾಡುತ್ತಾಳೆ.

ದೋಸ್ತ

ಕೊನೆಗೆ, ಹೌದೋ ಅಲ್ಲವೋ ಕೇಳಿಬಿಡೋಣ ಎಂದು ವ್ಯಾಪಾರಿಯೇ ಅವನನ್ನು ಅಫಜಲಪುರಕ್ಕೆ ಕರೆದುಕೊಂಡು ಹೊರಟ. ಗುಮಾಸ್ತನಿಗೆ ಮನೆಯಲ್ಲಿ ಹಿರಿಯರಿಲ್ಲ. ಆ ಸ್ಥಾನಕ್ಕೆ ನನ್ನನ್ನು ಎಳೆದರು.

ಹುಡುಗಿಯ ಅಜ್ಜಿ ಪಡಸಾಲೆಯಲ್ಲಿ ಕೂತಿದ್ದಳು. ಆ ಮನೆಯಲ್ಲಿ ಆಕೆ ಅಂದದ್ದೇ ಮಾತು. ಹುಡುಗನ ಮೇಲೆ ದೂರಿಲ್ಲ, ದೂರು ಅವನ ದೋಸ್ತನ ಮೇಲೆ ಎಂದಳು. ಹುಡುಗ ಹೇಗೆಂದು ವಿಚಾರಿಸಲು ಆಳಂದಕ್ಕೆ ಬಂದಿದ್ದ ಆಕೆಯ ಮಗ ಚಹಾದಂಗಡಿಯಲ್ಲಿ ಗುಮಾಸ್ತನ ಹಿಂದಿನ ಬೆಂಚಿನಲ್ಲೇ ಕೂತಿದ್ದನಂತೆ. ಗುಮಾಸ್ತ ಪಕ್ಕದವನಿಗೆ ಹೇಳುತ್ತಿದ್ದನಂತೆ: ಅವ ಮತ್ತೆ ಕುಡಿದ, ಪೊಲೀಸರೇ ಹೊಡೆದರು, ಯಾರದೋ ಹೆಂಡತಿ ಆಫೀಸಿಗೆ ಬಂದು ಅತ್ತಳು, ಏನೇ ಆಗಲಿ ಅವನಂಥ ಮನುಷ್ಯ ಇನ್ನೊಬ್ಬನಿಲ್ಲ.

"ಅಂಥಾವನ ಸಂಗ ಬಿಡ್ತಿ ಏನಪಾ?" ಎಂದಳು ಅಜ್ಜಿ. "ಬಿಡ್ತೇನಿ ಅನ್ನು, ಹುಡಗಿ ಕೊಡ್ತೇವಿ."

ಗುಮಾಸ್ತ ಯೋಚನೆಗೆ ಬಿದ್ದ. ನಿಜವಾಗಿಯೂ ಬಿದ್ದ. ನಾನು ಅವನ ಕಾಲು ತುಳಿದೆ.

"ಬಿಡ್ತೇನಿ, ಆಯಿ," ಎಂದ, ಮನೆಯಲ್ಲಿ ಯಾರೋ ತೀರಿಕೊಂಡವನ ದನಿಯಲ್ಲಿ.

ಅಲ್ಲಿಗೆ ಬಿಡಬಹುದಿತ್ತು. ಆದರೆ ನನಗೆ ಓದಿದವನ ಚಪಲ. ಆ ದೋಸ್ತ ಇಲ್ಲವೇ ಇಲ್ಲ, ಅಮೆರಿಕದ ಕಥೆಯಲ್ಲಿ ಬರುವವನು, ಪುಸ್ತಕದ ಹೊರಗೆ ಅವನಿಗೆ ಊರೂ ಇಲ್ಲ ಮನೆಯೂ ಇಲ್ಲ ಎಂದು ವಿವರಿಸಿದೆ. ಅಜ್ಜಿ ಗಮನವಿಟ್ಟು ಕೇಳಿದಳು. ಒಪ್ಪಿಗೆಯ ಸಕ್ಕರೆ ತರಲು ಒಳಗೆ ಕೂಗಿ ಹೇಳಿದಳು. ಗುಮಾಸ್ತನ ಬಾಯಿ ಸಿಹಿಯಾಯಿತು, ಸಂಬಂಧ ಗಟ್ಟಿಯಾಯಿತು. ಆಮೇಲೆ ಆಕೆ ನನ್ನ ಕಡೆ ಬಾಗಿ, ಆ ಅಮೆರಿಕದವನಿಗೆ ಲಗ್ನವಾಗಿದೆಯೇ ಎಂದು ಮೆಲ್ಲಗೆ ಕೇಳಿದಳು. ಹುಡುಗಿಗೆ ಒಬ್ಬ ತಂಗಿ ಇದ್ದಾಳಂತೆ.

ಕುಡಿಯುತ್ತಾನಲ್ಲ ಎಂದು ನೆನಪಿಸಿದೆ.

"ಲಗ್ನ ಆದ್ರ ಬಿಡ್ತಾನ."

ಪೊಲೀಸರು ಹೊಡೆಯುತ್ತಾರೆ.

"ಅವ್ರು ಯಾರಿಗಿ ಬಿಟ್ಟಾರ? ನೌಕ್ರಿ ಸರ್ಕಾರಿದ ಏನ್ರಿ?"

ಅಲ್ಲ, ಸ್ವಂತ ಆಫೀಸು ಎಂದೆ.

ಅಜ್ಜಿಯ ಮುಖ ಸಪ್ಪಗಾಯಿತು. "ಹಂಗಾದ್ರ ಬ್ಯಾಡ ಬಿಡ್ರಿ," ಎಂದಳು. "ಅವ ಬುಕ್ಕಿನಾಗ ಇರ್ಲಿ."